'ನ್ಯಾಚುರಲ್' ಡಿಯೋಡರೆಂಟ್: ಅಂಗಡಿಯಲ್ಲಿಡುವ ಮುನ್ನ ಲೇಬಲ್ ಓದಿ

ಹಾಸನ: ಸಣ್ಣ ಬ್ರ್ಯಾಂಡ್‌ಗಳ ನ್ಯಾಚುರಲ್ ಸೋಪು, ಡಿಯೋಡರೆಂಟ್ ಮಾರುವ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಅಂಗಡಿಯವರು ಗಮನಿಸಿ.

ಬೆವರಿಗೆ ಅಷ್ಟಾಗಿ ವಾಸನೆ ಇರಲ್ಲ. ಚರ್ಮದ ಮೇಲಿನ ಬ್ಯಾಕ್ಟೀರಿಯಾ ಅದನ್ನು ಒಡೆದಾಗ ನಾತ ಬರುತ್ತೆ. ಕ್ಷೌರದಂಗಡಿಯಲ್ಲಿ ಹಚ್ಚುವ ಪಟಿಕ ಈ ಬ್ಯಾಕ್ಟೀರಿಯಾ ತಡೆಯುತ್ತೆ. ಆದರೆ ಪಟಿಕದಲ್ಲೇ ಅಲ್ಯೂಮಿನಿಯಂ ಇದೆ. ಪಟಿಕ ಹಾಕಿ 'ಅಲ್ಯೂಮಿನಿಯಂ ಇಲ್ಲ' ಅಂತ ಬರೆದಿದ್ದರೆ ಸುಳ್ಳು. ಅಡುಗೆ ಸೋಡಾ ಇದ್ದರೆ ಕೆಲವರಿಗೆ ಕಂಕುಳು ಉರಿಯುತ್ತೆ.

ಮನೆಯಲ್ಲೇ ತಯಾರಿಸಿದರೂ, ಮಾರಾಟಕ್ಕಾದರೆ 2020ರ ಕಾಸ್ಮೆಟಿಕ್ಸ್ ನಿಯಮಗಳ ಪ್ರಕಾರ ತಯಾರಿಕೆಯ ಲೈಸೆನ್ಸ್ ಬೇಕು. ಲೇಬಲ್ ಮೇಲೆ ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್, ತಯಾರಕರ ಹೆಸರು, ವಿಳಾಸ, ಯಾವಾಗಿನವರೆಗೆ ಬಳಸಬಹುದು ಅನ್ನೋದು ಇರಬೇಕು. ಲೈಸೆನ್ಸ್ ಇಲ್ಲದ ಮಾಲು ಮಾರಿದರೆ ತಯಾರಿಸಿದವರಷ್ಟೇ ಅಲ್ಲ, ಅಂಗಡಿಯವರ ಮೇಲೂ ಕೇಸ್ ಆಗಬಹುದು. ಬಿಲ್ ಇಲ್ಲದೆ ಮಾಲು ಇಳಿಸಿಕೊಳ್ಳಬೇಡಿ.