‘ಬೇಜಾರ್’ ಅಂದರೆ ಫೋನಿಗೆ ಏನು ಗೊತ್ತು?

ಗಂಗಾವತಿಯ ಬೇಕರಿಯಲ್ಲಿ ಕೆಲಸಕ್ಕಿರುವ ನಮ್ಮ ಕಡೆಯ ಹುಡುಗನೊಬ್ಬ ಮೊನ್ನೆ ಫೋನ್ ಮಾಡಿದ್ದ. “ಉಸ್ತಾದ್, ಮೂರು ರಾತ್ರಿಯಿಂದ ನಿದ್ದೆಯಿಲ್ಲ. ಉಮ್ಮನಿಗೆ ಹೇಳಿದ್ರೆ ಹೆದರ್ತಾರೆ. ಮಾತಾಡುವ ಆ್ಯಪ್ ಒಂದಕ್ಕೆ ‘ಬೇಜಾರಾಗ್ತಿದೆ’ ಅಂತ ಬರೆದೆ. ಸಿನಿಮಾ ನೋಡು ಅಂತು!” ನಗುತ್ತಲೇ ಹೇಳಿದ, ಸ್ವರ ಮಾತ್ರ ಸರಿಯಿರಲಿಲ್ಲ.

ಹೊತ್ತು ಹೋಗದಿದ್ದರೂ ನಮಗೆ ಬೇಜಾರೇ, ಎದೆ ಭಾರವಾದರೂ ಬೇಜಾರೇ. ಯಾವುದೆಂದು ತಿರುಗಿ ಕೇಳುವುದನ್ನು ಯಂತ್ರಕ್ಕೆ ಮೊದಲು ಕಲಿಸಬೇಕು. ತನ್ನಿಂದಾಗದಿದ್ದರೆ ಮನುಷ್ಯರ ಕೈಗೆ ಒಪ್ಪಿಸುವುದನ್ನೂ.

1966ರಲ್ಲೇ ಅಮೆರಿಕದ ಜೋಸೆಫ್ ವೈಜೆನ್‌ಬಾಮ್ ‘ಎಲಿಜಾ’ ಎಂಬ ಮಾತಾಡುವ ಪ್ರೋಗ್ರಾಮ್ ಮಾಡಿದ್ದರು. ನಾವು ಬರೆದದ್ದನ್ನೇ ಅದು ಪ್ರಶ್ನೆ ಮಾಡಿ ತಿರುಗಿಸುತ್ತಿತ್ತು, ಅಷ್ಟೆ. ಆದರೂ ಅದರ ಜೊತೆ ಮಾತಿಗೆ ಕೂತ ಅವರ ಕಾರ್ಯದರ್ಶಿ, ನೀವು ಸ್ವಲ್ಪ ಹೊರಗೆ ಹೋಗಿ ಅಂದರಂತೆ! ಕೇಳುವವರಿಗಾಗಿ ಮನುಷ್ಯನ ಹಸಿವು ಅಂಥದ್ದು.

ಹುಡುಗನಿಗೆ 14416 ಕೊಟ್ಟೆ. ಕೇಂದ್ರ ಸರಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಅದು. ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಕೊಪ್ಪಳ, ಕುಷ್ಟಗಿ, ಯಲಬುರ್ಗಾದಲ್ಲಿ ದುಡಿಯುವ ನಿಮ್ಮ ಮಕ್ಕಳಿಗೂ ನಂಬರ್ ಕಳಿಸಿಡಿ.

ಮರುದಿನ ಅವನೇ ಫೋನ್ ಮಾಡಿದ. “ಬೇಜಾರು ಅಂದ್ರೆ ಹೇಗೆ, ಎಷ್ಟು ದಿನದಿಂದ ಅಂತ ಕೇಳಿದ್ರು ಉಸ್ತಾದ್. ತುಂಬ ಹೊತ್ತು ಮಾತಾಡಿದೆ.”