ಹಕ್ಕಿ ನೋಡಲು ಕಾಡಿಗೆ ಹೊರಟಿರಾ?

ರಕ್ತದೊತ್ತಡ, ಸಕ್ಕರೆ ಕಾಯಿಲೆ, ನಿದ್ರಾಹೀನತೆ ಎಂದು ಬರುವವರಿಗೆ ವೈದ್ಯರು ಔಷಧಿ ಚೀಟಿಯ ಜೊತೆಗೆ ತಪ್ಪದೆ ಹೇಳುವ ಮಾತೊಂದಿದೆ: 'ದಿನಾ ಸ್ವಲ್ಪ ನಡೆಯಿರಿ.' ಮೊದಲ ವಾರ ಉತ್ಸಾಹ, ಎರಡನೆಯ ವಾರ ನೆಪ, ಮೂರನೆಯ ವಾರಕ್ಕೆ ಬೂಟು ಮಂಚದ ಕೆಳಗೆ! ಗುರಿಯಿಲ್ಲದ ನಡಿಗೆ ಬೇಸರ ತರಿಸುವುದು ಸಹಜವೇ. ಆದರೆ ಹಕ್ಕಿ ನೋಡುವ ಹುಚ್ಚು ಹತ್ತಿದವರನ್ನು ಗಮನಿಸಿ. ಯಾರೂ ಎಬ್ಬಿಸದೆ ಬೆಳಗಿನ ಐದಕ್ಕೆ ಏಳುತ್ತಾರೆ. ಮೂರು ಗಂಟೆ ನಡೆದರೂ ಇವರಿಗೆ ನಡೆದ ಲೆಕ್ಕ ಇರುವುದಿಲ್ಲ.

ಈ ಹವ್ಯಾಸವನ್ನು ಮನೆಯ ಹಿತ್ತಲಿನಲ್ಲೇ ಆರಂಭಿಸಬಹುದು. ಆದರೂ ಒಮ್ಮೆಯಾದರೂ ನಮ್ಮ ಪಶ್ಚಿಮ ಘಟ್ಟದ ಮಳೆಕಾಡಿನಲ್ಲಿ ಹಕ್ಕಿ ನೋಡಿದ ಅನುಭವವೇ ಬೇರೆ. ಬಯಲುಸೀಮೆಯ ಕೆರೆಯಂಗಳದಲ್ಲಿ ಕೊಕ್ಕರೆ, ಬಾತುಗಳು ಎದುರಿಗೇ ಕಾಣುತ್ತವೆ. ಕಾಡಿನಲ್ಲಿ ಹಾಗಲ್ಲ, ಅಲ್ಲಿ ಹಕ್ಕಿ ಮೊದಲು ಕಿವಿಗೆ, ಆಮೇಲೆ ಕಣ್ಣಿಗೆ. ನಸುಕಿನಲ್ಲಿ ಹಳ್ಳದ ಬದಿಯಿಂದ ಪಡ್ಡೆ ಹುಡುಗನೊಬ್ಬ ರಾಗ ಮರೆತು ಸಿಳ್ಳೆ ಹಾಕಿದಂತೆ ಕೇಳಿಸಿದರೆ ಅದು ಮಲಬಾರ್ ಸಿಳ್ಳಾರ. ಆಮೇಲೆ ಅರ್ಧ ಗಂಟೆ ಎಲೆಯೂ ಅಲುಗದ ನಿಶ್ಶಬ್ದ. ಹೊಸಬರು ಬೇಸತ್ತು ಹಿಂದಿರುಗುವುದು ಇಲ್ಲೇ. ತಾಳ್ಮೆಯಿಂದ ನಿಂತವರಿಗೆ ಇದ್ದಕ್ಕಿದ್ದಂತೆ ಒಂದು ಮೆರವಣಿಗೆ ಎದುರಾಗುತ್ತದೆ: ಕಾಜಾಣ, ಮರಕುಟಿಗ, ನೊಣಹಿಡುಕ, ಇನ್ನೂ ಹೆಸರು ತಿಳಿಯದ ಹತ್ತಾರು ಹಕ್ಕಿಗಳು ಒಂದೇ ಗುಂಪಾಗಿ ಹುಳುಗಳನ್ನು ಹುಡುಕುತ್ತಾ ಸಾಗುತ್ತವೆ. ಒಂದು ಎಬ್ಬಿಸಿದ ಹುಳು ಇನ್ನೊಂದಕ್ಕೆ ಆಹಾರ, ಒಂದರ ಎಚ್ಚರಿಕೆಯ ಕೂಗು ಎಲ್ಲಕ್ಕೂ ರಕ್ಷಣೆ. ಐದೇ ನಿಮಿಷ, ಮತ್ತೆ ಮೌನ.

ಇನ್ನು ದಾಂಡೇಲಿಯ ಮಂಗಟ್ಟೆಗಳು. ನಾಲ್ಕು ಬಗೆಯ ಮಂಗಟ್ಟೆಗಳು ಆ ಕಾಡಿನಲ್ಲಿವೆ. ಹೆಣ್ಣು ಮರದ ಪೊಟರೆಯೊಳಗೆ ಸೇರಿ, ಬಾಯಿಯನ್ನು ಒಂದು ಸೀಳಷ್ಟೇ ಉಳಿಯುವಂತೆ ಮುಚ್ಚಿಕೊಂಡು ಮೊಟ್ಟೆಯಿಡುತ್ತದೆ. ಗಂಡು ವಾರಗಟ್ಟಲೆ ಹಣ್ಣು ಹೊತ್ತು ತಂದು, ಗಂಟಲಿನಿಂದ ಒಂದೊಂದಾಗಿ ತೆಗೆದು ಆ ಸೀಳಿನ ಮೂಲಕ ಉಣಿಸುತ್ತದೆ. ದೂರದಿಂದ ಸದ್ದಿಲ್ಲದೆ ನೋಡಬೇಕಾದ ದೃಶ್ಯ ಇದು. ಗೂಡಿನ ಬುಡಕ್ಕೇ ಹೋಗಿ ಕ್ಯಾಮೆರಾ ಹಿಡಿದರೆ ಗಂಡು ಹೆದರಿ ಹತ್ತಿರ ಬರುವುದಿಲ್ಲ, ಒಳಗಿರುವವರಿಗೆ ಉಪವಾಸ.

ಇದರಿಂದ ದೇಹಕ್ಕೇನು ಲಾಭ? ಲಂಡನ್ನಿನ ಕಿಂಗ್ಸ್ ಕಾಲೇಜಿನ ಸಂಶೋಧಕರು 1292 ಮಂದಿಯ ಮನಃಸ್ಥಿತಿಯನ್ನು ದಿನಕ್ಕೆ ಹಲವು ಬಾರಿ ಮೊಬೈಲ್ ಮೂಲಕ ಕೇಳಿ ದಾಖಲಿಸಿ 2022ರಲ್ಲಿ ವರದಿ ಪ್ರಕಟಿಸಿದರು. ಹಕ್ಕಿಯನ್ನು ಕಂಡಾಗ ಅಥವಾ ಅದರ ದನಿ ಕೇಳಿದಾಗ ಮನಸ್ಸು ಹಗುರವಾಗಿತ್ತು, ಆ ಪರಿಣಾಮ ಎಂಟು ಗಂಟೆಯವರೆಗೂ ಉಳಿಯಬಲ್ಲದು ಎಂದು ಅವರು ಕಂಡುಕೊಂಡರು. ಖಿನ್ನತೆಯಿಂದ ಬಳಲುತ್ತಿದ್ದವರಲ್ಲೂ ಇದು ಕಂಡುಬಂತು. ಹಾಗೆಂದು ಹಕ್ಕಿ ನೋಡಲು ಹೊರಟು ಮಾತ್ರೆ ನಿಲ್ಲಿಸಬೇಡಿ. ಇದು ಚಿಕಿತ್ಸೆಗೆ ಜೊತೆ, ಬದಲಿಯಲ್ಲ.

ಕಣ್ಣಿಗೂ ಇದು ವಿಶ್ರಾಂತಿ. ಪುಸ್ತಕ, ಮೊಬೈಲ್ ನೋಡುವಾಗ ಕಣ್ಣಿನ ಒಳಗಿನ ಸಣ್ಣ ಸ್ನಾಯು ಬಿಗಿಯಾಗಿರುತ್ತದೆ. ದೂರ ನೋಡಿದಾಗ ಅದು ಸಡಿಲಗೊಳ್ಳುತ್ತದೆ. ಹೊರಾಂಗಣದ ಬೆಳಕಿನಲ್ಲಿ ಹೆಚ್ಚು ಹೊತ್ತು ಕಳೆಯುವ ಮಕ್ಕಳಲ್ಲಿ ಸಮೀಪದೃಷ್ಟಿ ದೋಷ ಕಡಿಮೆ ಎಂಬುದನ್ನು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ. ಕಿವಿಯ ವಿಷಯವೂ ಸ್ವಾರಸ್ಯಕರ: ವಯಸ್ಸಾದಂತೆ ಮೊದಲು ಕುಗ್ಗುವುದು ಕೀರಲು ದನಿಗಳನ್ನು ಕೇಳುವ ಶಕ್ತಿ. ಮೊಮ್ಮಗಳಿಗೆ ಕೇಳಿಸಿದ ಚಿಲಿಪಿಲಿ ಅಜ್ಜನಿಗೆ ಕೇಳಿಸದಿದ್ದರೆ, ಕಿವಿ ಪರೀಕ್ಷೆ ಮಾಡಿಸಲು ಅದೇ ಸಕಾಲ. ಕತ್ತುನೋವು, ತಲೆಸುತ್ತು ಇರುವವರು ಮಾತ್ರ ಮರದ ಬುಡದಲ್ಲಿ ನಿಂತು ತಲೆಯೆತ್ತಿ ನೋಡುತ್ತಲೇ ಇರಬಾರದು. ಘಟ್ಟದ ತಿರುವುಗಳಲ್ಲಿ ನಿಂತರೆ ಕೆಳಗಿನ ಮರಗಳ ನೆತ್ತಿ ಕಣ್ಣಿನ ಮಟ್ಟಕ್ಕೇ ಬರುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ವಲಸೆ ಹಕ್ಕಿಗಳು ಬಂದಿರುವ, ಮಳೆಯೂ ಇಂಬಳವೂ ಇಲ್ಲದ ನವೆಂಬರಿನಿಂದ ಏಪ್ರಿಲ್‌ವರೆಗಿನ ಕಾಲ ಹಕ್ಕಿ ನೋಡಲು ಪ್ರಶಸ್ತ. ಮಲೆನಾಡಿನಲ್ಲಿ ಮಂಗನ ಕಾಯಿಲೆ ಕಾಣಿಸಿಕೊಳ್ಳುವುದೂ ಇದೇ ತಿಂಗಳುಗಳಲ್ಲಿ! 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ಜ್ವರದ ವೈರಾಣು ರಷ್ಯಾದ ಒಂದು ಮಿದುಳು ಜ್ವರದ ವೈರಾಣುವನ್ನು ಹೋಲುತ್ತಿತ್ತು. ಉತ್ತರದಿಂದ ಬರುವ ವಲಸೆ ಹಕ್ಕಿಗಳು ಇದನ್ನು ಹೊತ್ತು ತಂದಿರಬಹುದೇ ಎಂಬ ಗುಮಾನಿ ಎದ್ದು, ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಸಲೀಂ ಅಲಿಯವರ ನೇತೃತ್ವದಲ್ಲಿ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ದೊಡ್ಡ ಯೋಜನೆ ನಡೆಯಿತು. ಹಕ್ಕಿಗಳ ಮೇಲಿನ ಆರೋಪ ಸಾಬೀತಾಗಲಿಲ್ಲ. ಆದರೆ ನಮ್ಮಲ್ಲಿಗೆ ಬರುವ ವಲಸೆ ಹಕ್ಕಿಗಳ ಬಗ್ಗೆ ಅಮೂಲ್ಯ ಮಾಹಿತಿ ಸಿಕ್ಕಿತು. ಕಾಯಿಲೆಯನ್ನು ನಮಗೆ ದಾಟಿಸುವುದು ಒಣ ಎಲೆಗಳ ನಡುವೆ ಕಾದು ಕೂತಿರುವ ಉಣುಗು, ಅದರಲ್ಲೂ ಎಳ್ಳುಕಾಳಿಗಿಂತ ಸಣ್ಣದಾದ ಮರಿ ಉಣುಗು.

ಈ ಜ್ವರಕ್ಕೆ ನಿರ್ದಿಷ್ಟ ಔಷಧಿಯಿಲ್ಲ. ಸೋಂಕು ತಗುಲಿದವರಲ್ಲಿ ನೂರಕ್ಕೆ ಮೂರರಿಂದ ಐವರು ಸಾಯಬಹುದು. ಹಿಂದೆ ಕೊಡುತ್ತಿದ್ದ ಲಸಿಕೆಯನ್ನು 2022ರಲ್ಲಿ ನಿಲ್ಲಿಸಲಾಯಿತು. ಆದ್ದರಿಂದ ಉಣುಗು ಕಚ್ಚದಂತೆ ನೋಡಿಕೊಳ್ಳುವುದೇ ದಾರಿ. ಹೊರಡುವ ಮುನ್ನ ಆ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ. ಮಂಗ ಸತ್ತ ಸುದ್ದಿಯಿದ್ದರೆ ಆ ಕಾಡನ್ನು ಬಿಟ್ಟು ಬೇರೆಡೆ ಹೋಗಿ. ಸತ್ತ ಮಂಗ ನಿಮಗೇ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ತಿಳಿಬಣ್ಣದ ತುಂಬುತೋಳಿನ ಅಂಗಿ ಹಾಕಿ, ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸಿಕ್ಕಿಸಿ, ತೆರೆದ ಚರ್ಮಕ್ಕೆ ಉಣುಗು ನಿವಾರಕ ತೈಲ ಸವರಿ. ತರಗೆಲೆಯ ಮೇಲೆ ಕೂರುವುದು, ಒರಗುವುದು ಬೇಡವೇ ಬೇಡ. ಅರಣ್ಯ ಇಲಾಖೆ ಅನುಮತಿಸಿದ ದಾರಿಯಲ್ಲೇ ನಡೆಯಿರಿ.

ಹಿಂದಿರುಗಿದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ ಸೋಪು ಹಚ್ಚಿ ಸ್ನಾನ ಮಾಡಿ. ಕಂಕುಳು, ತೊಡೆಸಂದು, ಮಂಡಿಯ ಹಿಂಭಾಗ, ಮಕ್ಕಳ ಕಿವಿಯ ಹಿಂದೆ ಕಣ್ಣಾಡಿಸಿ. ಉಣುಗು ಕಚ್ಚಿಕೊಂಡಿದ್ದರೆ ಚಿಮಟಿಗೆಯಿಂದ ಚರ್ಮಕ್ಕೆ ಅಂಟಿದಂತೆ ಹಿಡಿದು ನೇರವಾಗಿ ಎಳೆಯಿರಿ. ಬೆರಳಲ್ಲಿ ಹೊಸಕಬೇಡಿ, ಬೆಂಕಿಕಡ್ಡಿ ತಾಗಿಸಬೇಡಿ.

ಸಾಮಾನ್ಯವಾಗಿ ಮೂರರಿಂದ ಎಂಟು ದಿನಗಳಲ್ಲಿ ಏಕಾಏಕಿ ಚಳಿಜ್ವರ, ವಿಪರೀತ ತಲೆನೋವು, ಮೈಕೈ ನೋವು, ವಾಂತಿ ಕಾಣಿಸಬಹುದು. ಜ್ವರ ಇಳಿದು ಒಂದೆರಡು ವಾರದ ಬಳಿಕ ಮತ್ತೆ ಮರುಕಳಿಸುವುದೂ ಉಂಟು. ಊರಿನ ವೈದ್ಯರು ಇದನ್ನು ಫ್ಲೂ ಅಥವಾ ಡೆಂಗಿ ಎಂದುಕೊಳ್ಳುವ ಸಂಭವ ಹೆಚ್ಚು. 'ಕಳೆದ ವಾರ ಮಲೆನಾಡಿನ ಕಾಡಿಗೆ ಹೋಗಿದ್ದೆ' ಎಂದು ನೀವಾಗಿಯೇ ಹೇಳಿ. ರಕ್ತಸ್ರಾವದ ಅಪಾಯ ಇರುವುದರಿಂದ ಮನೆಯಲ್ಲಿ ಆಸ್ಪಿರಿನ್ ಅಥವಾ ಐಬುಪ್ರೊಫೇನ್ ನುಂಗಬೇಡಿ. ವೈದ್ಯರನ್ನು ಕಾಣುವವರೆಗೆ ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು.