ಸಾವಿನ ಗಳಿಗೆ: ಇಸ್ಲಾಮೀ ಪರಿಕಲ್ಪನೆ, ವೈದ್ಯವಿಜ್ಞಾನ ಮತ್ತು ಶೋಕದ ಮನಸ್ಸು

ಸಾವನ್ನು ಕುರಿತ ಇಸ್ಲಾಮೀ ಚಿಂತನೆಯನ್ನು ಅದರ ಪದಗಳ ಮೂಲಕವೇ ಪ್ರವೇಶಿಸುವುದು ಲೇಸು. ಉರ್ದುವಿನಲ್ಲಿ ಸಾವಿಗೆ ಬಳಕೆಯಾಗುವ ‘ಇಂತಕಾಲ್’ ಎಂಬ ಅರಬ್ಬೀ ಮೂಲದ ಪದಕ್ಕೆ ಸ್ಥಳಾಂತರವೆಂಬುದೇ ಮೊದಲ ಅರ್ಥ. ‘ವಫಾತ್’ ಪದದ ಧಾತುವಿನಲ್ಲಿ ಪೂರ್ತಿಯಾಗಿ ಸಲ್ಲಿಸುವ ಭಾವವಿದೆ. ಎರಡರಲ್ಲಿಯೂ ಅಳಿವಿನ ಸೂಚನೆಯಿಲ್ಲ. ‘ರೂಹ್’ ಅಂದರೆ ಆತ್ಮವು ದೇಹವನ್ನು ತೊರೆದು, ಪುನರುತ್ಥಾನದವರೆಗಿನ ನಡುನೆಲೆಯಾದ ‘ಬರ್ಜಖ್’ಗೆ ಸಾಗುತ್ತದೆ, ಈ ನಿರ್ಗಮನಕ್ಕೆ ‘ಅಜಲ್’ ಎಂಬ ನಿಯತ ಗಳಿಗೆಯಿದೆ. ಜೀವವಿಜ್ಞಾನಕ್ಕಾದರೋ ಸಾವು ಗಳಿಗೆಯಲ್ಲ, ಪ್ರಕ್ರಿಯೆ. ರಕ್ತಸಂಚಾರ ನಿಂತ ಕೆಲವೇ ನಿಮಿಷಗಳಲ್ಲಿ ಮಿದುಳಿನ ಕೋಶಗಳು ನಶಿಸತೊಡಗಿದರೂ ಚರ್ಮದ ಕೋಶಗಳು ಇನ್ನೂ ಬಹಳ ಹೊತ್ತು ಜೀವಂತವಾಗಿರುತ್ತವೆ.

ತತ್ತ್ವಚರ್ಚೆಯಲ್ಲಿ ಈ ಎರಡು ನೋಟಗಳು ಅಕ್ಕಪಕ್ಕ ಇರಬಲ್ಲವು. ಅವು ಮುಖಾಮುಖಿಯಾದದ್ದು ತೀವ್ರನಿಗಾ ಘಟಕದಲ್ಲಿ. 1968ರಲ್ಲಿ ಹಾರ್ವರ್ಡ್ ವೈದ್ಯಕೀಯ ಶಾಲೆಯ ಸಮಿತಿಯೊಂದು, ಕೃತಕ ಉಸಿರಾಟದಿಂದ ಹೃದಯ ಬಡಿಯುತ್ತಿದ್ದರೂ ಮಿದುಳಿನ ಕಾರ್ಯ ಶಾಶ್ವತವಾಗಿ ನಿಂತಿದ್ದರೆ ಅದನ್ನು ಸಾವೆಂದು ಪರಿಗಣಿಸಬಹುದೆಂದಿತು. ಭಾರತದಲ್ಲಿ 1994ರ ಮಾನವ ಅಂಗಾಂಗ ಕಸಿ ಕಾಯಿದೆಯು ಮಿದುಳುಕಾಂಡದ ಸಾವಿಗೆ ಮಾನ್ಯತೆ ನೀಡಿತು. ಇಸ್ಲಾಮೀ ಧರ್ಮಶಾಸ್ತ್ರಜ್ಞರು ಈ ಪ್ರಶ್ನೆಗೆ ಬೆನ್ನು ತಿರುಗಿಸಲಿಲ್ಲವೆಂಬುದು ನಮ್ಮ ಚರ್ಚೆಗಳಲ್ಲಿ ಅಷ್ಟಾಗಿ ಕಾಣಿಸಿಕೊಂಡಿಲ್ಲ. 1986ರಲ್ಲಿ ಅಮ್ಮಾನ್‌ನಲ್ಲಿ ಸೇರಿದ ಅಂತರರಾಷ್ಟ್ರೀಯ ಇಸ್ಲಾಮೀ ಫಿಕ್‌ಹ್ ಅಕಾಡೆಮಿ ಮಿದುಳಿನ ಸಾವನ್ನು ಪೂರ್ಣ ಸಾವೆಂದೇ ಒಪ್ಪಿತು. ಮರುವರ್ಷ ಮಕ್ಕಾದಲ್ಲಿ ಸಭೆ ನಡೆಸಿದ ಮುಸ್ಲಿಂ ವರ್ಲ್ಡ್ ಲೀಗ್‌ನ ಫಿಕ್‌ಹ್ ಮಂಡಳಿಯಾದರೋ ಯಂತ್ರವನ್ನು ತೆಗೆಯಲು ಅನುಮತಿಸಿತಾದರೂ, ಉಸಿರು ಮತ್ತು ಹೃದಯ ನಿಲ್ಲುವವರೆಗೆ ವ್ಯಕ್ತಿಯನ್ನು ಮೃತನೆನ್ನಲಾಗದೆಂದಿತು.

ಈ ಭೇದ ಕೇವಲ ಶಾಸ್ತ್ರಸೂಕ್ಷ್ಮವಲ್ಲ. ಶವಸ್ನಾನ, ಕಫನ್, ಜನಾಜಾ ನಮಾಜು, ತಡವಿಲ್ಲದ ದಫನ, ವಾರಸುದಾರಿಕೆ, ವಿಧವೆಯ ‘ಇದ್ದತ್’ ಎಲ್ಲವೂ ಸಾವಿನ ಗಳಿಗೆಯಿಂದಲೇ ಆರಂಭ. ವೈದ್ಯರು ಸಾವೆಂದರೂ ಎದೆ ಏರಿಳಿಯುವುದನ್ನು ಕಾಣುವ ಮನೆಯವರಿಗೆ ಆ ಗಳಿಗೆ ದಕ್ಕುವುದಿಲ್ಲ. ಶೋಕ ತೊಡಗುವ ಬಾಗಿಲೇ ತೆರೆದಿರುವುದಿಲ್ಲ. 2020ರ ಕೋವಿಡ್ ಕಾಲದಲ್ಲಿ ಇದರ ಮತ್ತೊಂದು ಮುಖ ಕಂಡಿತು: ಅಲ್ಲಿ ಸಾವು ನಿಶ್ಚಿತವಿತ್ತು, ಆದರೆ ಅನೇಕ ಕಡೆ ಶವಸ್ನಾನವೂ ಜನರು ಕೂಡಿದ ನಮಾಜೂ ಇರಲಿಲ್ಲ.

ಶೋಕಕ್ಕೆ ಶಾಸ್ತ್ರ ಅವಧಿಯನ್ನು ವಿಧಿಸುತ್ತದೆ: ಬಂಧುಗಳಿಗೆ ಮೂರು ದಿನ, ಗರ್ಭಿಣಿಯಲ್ಲದ ವಿಧವೆಗೆ ನಾಲ್ಕು ತಿಂಗಳು ಹತ್ತು ದಿನ. ಆಧುನಿಕ ಮನೋವೈದ್ಯವೂ ಈಚೆಗೆ ಕಾಲವನ್ನು ಎಣಿಸತೊಡಗಿದೆ. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣದಲ್ಲಿ ತೀವ್ರ ಶೋಕ ಆರು ತಿಂಗಳು ಮೀರಿದರೆ ಅದನ್ನು ‘ದೀರ್ಘಕಾಲಿಕ ಶೋಕದ ವ್ಯಾಧಿ’ಯೆಂದು ಗುರುತಿಸಬಹುದು, ಅದೇ ವರ್ಷದ ಅಮೆರಿಕನ್ ಕೈಪಿಡಿ ವಯಸ್ಕರಿಗೆ ಒಂದು ವರ್ಷವೆನ್ನುತ್ತದೆ. ಇಷ್ಟರಿಂದಲೇ ಧರ್ಮ ವಿಜ್ಞಾನವನ್ನು ಮೊದಲೇ ಅರಿತಿತ್ತೆನ್ನುವ ಉತ್ಸಾಹ ಸಲ್ಲದು. ಇದ್ದತ್ತಿನ ಹಿಂದೆ ಗರ್ಭನಿರ್ಣಯದ, ವಂಶದ ಪ್ರಶ್ನೆಗಳೂ ಇವೆ.

ಮರಣೋತ್ತರ ಜೀವನದ ನಂಬಿಕೆ ಭಯವನ್ನು ನೀಗುತ್ತದೆಯೆ? ಅರ್ನೆಸ್ಟ್ ಬೆಕರ್ 1973ರಲ್ಲಿ ಪ್ರಕಟಿಸಿದ ಕೃತಿಯಲ್ಲಿ, ಸಂಸ್ಕೃತಿಯೇ ಸಾವಿನ ನಿರಾಕರಣೆಯ ಉಪಾಯವೆಂದು ವಾದಿಸಿದ. ಆದರೆ ಇಸ್ಲಾಮೀ ಸಂದರ್ಭದಲ್ಲಿ ಭಯವು ಇಲ್ಲವಾಗುವುದರದ್ದಷ್ಟೇ ಅಲ್ಲ, ವಿಚಾರಣೆಗೊಳಗಾಗುವುದರದ್ದು ಕೂಡ. ಈಜಿಪ್ಟಿನ ಮನೋವಿಜ್ಞಾನಿ ಅಹ್ಮದ್ ಅಬ್ದುಲ್ ಖಾಲಿಕ್ 2004ರಲ್ಲಿ ಪ್ರಕಟಿಸಿದ ಅರಬ್ಬೀ ಮರಣಭೀತಿ ಮಾಪನದಲ್ಲಿ ಮಾರಕ ರೋಗದ ಭಯದೊಂದಿಗೆ ಗೋರಿಗಳ ಭಯ, ಮರಣಾನಂತರ ನಡೆಯುವುದರ ಭಯಗಳು ಪ್ರತ್ಯೇಕ ಅಂಶಗಳಾಗಿಯೇ ಹೊರಬಂದವು. ಹನ್ನೆರಡನೆಯ ಶತಮಾನದ ಆರಂಭದಲ್ಲಿ ತೀರಿಕೊಂಡ ಅಲ್ ಗಜಾಲಿಯಂತೂ ತನ್ನ ಮಹಾಕೃತಿಯ ಕೊನೆಯ ಭಾಗವನ್ನು ಮರಣಸ್ಮರಣೆಗೇ ಮೀಸಲಿಟ್ಟು, ಆ ಭಯವನ್ನು ಹೃದಯದ ಔಷಧಿಯೆಂದೇ ಬಗೆದ. ಮನೋವೈದ್ಯ ಕಡಿಮೆ ಮಾಡಬಯಸುವುದನ್ನು ಆತ ಪೋಷಿಸಬಯಸಿದ.

ಪ್ರವಾದಿಯವರು ಮಗ ಇಬ್ರಾಹೀಮನ ಸಾವಿಗೆ ಕಣ್ಣೀರಿಟ್ಟರೆಂಬ ನೆನಪನ್ನು ಸಂಪ್ರದಾಯ ಕಾಪಾಡಿಕೊಂಡಿದೆ. ಗೋಳಾಟವನ್ನು ಮಾತ್ರ ಸುನ್ನಿ ಶಾಸ್ತ್ರ ಒಪ್ಪುವುದಿಲ್ಲ. ಉತ್ತರ ಕರ್ನಾಟಕದ ಮೊಹರಂ ಈ ಮಿತಿಯಾಚೆಗಿದೆ. ಅಲ್ಲಿನ ರಿವಾಯತ್ ಪದಗಳಲ್ಲಿ ಕರ್ಬಲಾದ ಸಾವು ವರ್ಷವರ್ಷವೂ ಕನ್ನಡದಲ್ಲಿ ಶೋಕಕ್ಕೊಳಗಾಗುತ್ತದೆ. ಹಾಡುವವರಲ್ಲಿ ಹಿಂದೂಗಳೂ ಇದ್ದಾರೆ.